ಡಬ್ಬಿಯ ತಳದ ಬಣ್ಣ

ಗಾಡಿ ಯಾವುದೇ ಇರಲಿ, ನಾನು ಮೊದಲು ನೋಡುವುದು ಅದರ ಮೂತಿ. ನಮ್ಮ ಶೆಡ್ಡಿಗೆ ಬಂದವರು ಬಾಗಿಲು ಕಿರುಗುಟ್ಟುತ್ತಿದೆ, ಹಿಂದಿನ ಬಂಪರು ಜೋತುಬಿದ್ದಿದೆ ಎಂದು ಹೇಳುತ್ತಲೇ ಇರುತ್ತಾರೆ. ನಾನು ಹೂಂಗುಡುತ್ತ ಮುಂದಕ್ಕೆ ಹೋಗಿ ಬಗ್ಗಿ ನಿಂತಿರುತ್ತೇನೆ. ಎಲ್ಲಿ ಪುಟ್ಟಿ ಮೆತ್ತಿದ್ದಾರೆ, ಒಂದು ದೀಪ ಹಳೆಯದಾಗಿ ಇನ್ನೊಂದು ಯಾಕೆ ಹೊಸದು, ಎಲ್ಲಿ ಬಣ್ಣ ಒಂದು ಚೂರು ಹೆಚ್ಚು ಹೊಳೆಯುತ್ತಿದೆ. "ಅಮ್ಮಾ, ಕೆಟ್ಟಿರೋದು ಹಿಂದೆ" ಎಂದು ಯಾರಾದರೂ ನಕ್ಕರೆ, "ಹಿಂದಿಂದು ಎಲ್ಲಿಗೂ ಓಡಿಹೋಗಲ್ಲ, ಇರಿ" ಎನ್ನುತ್ತೇನೆ. ನನ್ನ ಗಂಡನನ್ನು ಒಂದು ಬೆಳಗಿನ ಜಾವ ಮಂಜಿನಲ್ಲಿ ಯಾವುದೋ ಗಾಡಿ ಗುದ್ದಿ ಹೋಯಿತು. ನಿಲ್ಲಿಸಲಿಲ್ಲ. ಪೊಲೀಸರು ಕೆಲವು ದಿನ ಓಡಾಡಿದಂತೆ ಮಾಡಿ ಕೈಚೆಲ್ಲಿದರು. ನಾನು ಕೈಚೆಲ್ಲಲಿಲ್ಲ. ಆ ಗಾಡಿಗೂ ಒಂದು ಮೂತಿ ಇರಲೇಬೇಕು, ಅದು ಒಂದಲ್ಲ ಒಂದು ದಿನ ರಿಪೇರಿಗೆ ಬಂದೇ ಬರುತ್ತದೆ ಎಂದು ಹಟ ಹಿಡಿದೇ ಈ ಕೆಲಸ ಕಲಿತೆ.

ಕಲಿಸಿದವರು ಮಾವ, ಗಂಡನ ಅಪ್ಪ. ಸೊಸೆಯ ಕೈಗೆ ಸುತ್ತಿಗೆ ಕೊಟ್ಟರೆಂದು ಬೀದಿಯವರೆಲ್ಲ ಮೂಗು ಮುರಿದರು. "ಮುರಿದ ಮೂಗು ತಗೊಂಡು ಬನ್ನಿ, ಅದನ್ನೂ ನೆಟ್ಟಗೆ ಮಾಡಿಕೊಡ್ತಾಳೆ" ಎಂದರು ಮಾವ. ಈಗ ಅವರ ಕೈ ನಡುಗುತ್ತದೆ. ಚಮಚದಲ್ಲಿದ್ದುದರಲ್ಲಿ ಅರ್ಧ ಅಂಗಿಯ ಪಾಲಾಗುವುದರಿಂದ ಊಟ ನಾನೇ ಮಾಡಿಸುತ್ತೇನೆ. ಆದರೂ ಬೆಳಗಾದರೆ ಶೆಡ್ಡಿನ ಬಾಗಿಲಲ್ಲಿ ಅವರ ಕುರ್ಚಿ ಬೀಳಲೇಬೇಕು. ಅಲ್ಲಿ ಕೂತು ಕಿವಿಯಿಂದಲೇ ಕೆಲಸ ನೋಡುತ್ತಾರೆ. "ಆ ಬೋಲ್ಟು ಅಳ್ತಾ ಇದೆ, ಬಿಡು ಅದನ್ನ" ಎನ್ನುತ್ತಾರೆ, ನಾನು ಬಿಡುತ್ತೇನೆ.

ಮಾವನ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಬಣ್ಣ ಎಸೆಯುವುದೆಂದರೆ ಅವರ ಜೀವಕ್ಕೆ ಬರುತ್ತದೆ. ಡಬ್ಬಿಯ ತಳದಲ್ಲಿ ಯಾವುದು ಉಳಿದಿದೆಯೋ ಅದನ್ನೇ ಆ ಹೊತ್ತು ಕೈಯಲ್ಲಿರುವ ಗಾಡಿಯ ಒಳಮೈಗೆ ಬಳಿದುಬಿಡುತ್ತಿದ್ದರು, ತುಕ್ಕು ಹಿಡಿಯದಿರಲಿ ಎಂದು. ಕಣ್ಣಿಗೆ ಕಾಣದ ಕಡೆ ಯಾವ ಬಣ್ಣವಾದರೇನು ಎಂದು ಅವರ ವಾದ. ಹೀಗಾಗಿ ನಮ್ಮ ಊರಿನ ಗಾಡಿಗಳ ಹೊರಗೊಂದು ಬಣ್ಣ, ಹೊಟ್ಟೆಯೊಳಗೊಂದು ಬಣ್ಣ. ಹೆಣ ಸಾಗಿಸುವ ವ್ಯಾನಿನ ಬಾಗಿಲು ಬಿಚ್ಚಿದರೆ ಒಳಗೆ ಝಗಮಗಿಸುವ ಗುಲಾಬಿ. ಆ ವಾರ ಯಾವುದೋ ಐಸ್‌ಕ್ರೀಮಿನ ಗಾಡಿಗೆ ಬಣ್ಣ ಹೊಡೆದಿದ್ದರು. ಒಳಬಣ್ಣ ನೋಡಿ ಆ ಕೆಲಸ ಯಾವಾಗ ಆಗಿದ್ದೆಂದು ಹೇಳುವ ಆಟವನ್ನು ನಾನೂ ಅವರೂ ಎಷ್ಟೋ ಸಲ ಆಡಿದ್ದೇವೆ. ನಾನೇ ಗೆಲ್ಲುತ್ತಿದ್ದೆ.

ಹೇಳಬೇಕಾದ್ದು ಇನ್ನೊಂದು, ನನ್ನ ಸ್ಟೂಲು. ಮದುವೆಯಾದ ಹೊಸತರಲ್ಲಿ ನಾನು ಶೆಡ್ಡಿಗೆ ಬರುತ್ತಿದ್ದುದು ಊಟದ ಡಬ್ಬಿ ತರುವುದಕ್ಕೆ ಮಾತ್ರ. ಕೂರಲು ಇದ್ದದ್ದು ತುಕ್ಕು ಹಿಡಿದ ಒಂದು ಕಬ್ಬಿಣದ ಸ್ಟೂಲು; ಎದ್ದರೆ ಸೀರೆಯ ಹಿಂದೆ ಕಂದು ಮುದ್ರೆ. ಒಂದು ಸಂಜೆ ಗಂಡ ಅದನ್ನು ಉಜ್ಜಿ, ಅಲ್ಲಿ ಇಲ್ಲಿ ಉಳಿದಿದ್ದ ಬಣ್ಣಗಳನ್ನೆಲ್ಲ ಸೇರಿಸಿ ಒಂದು ಡಬ್ಬಿಯಲ್ಲಿ ಕಲಸಿದ. ಬಿಳಿ, ನೀಲಿ, ಯಾವುದೋ ಲಾರಿಯ ಕೆಂಪು, ಒಂದು ಚಿಟಿಕೆ ಬೆಳ್ಳಿಪುಡಿ. ನನಗೆ ಇಷ್ಟವಾದ ತಿಳಿ ನೇರಳೆ ಬರಿಸುತ್ತೇನೆಂದು ಹೊರಟವನಿಗೆ ಬಂದದ್ದು ಹೆಸರಿಲ್ಲದ ಒಂದು ಬಣ್ಣ. "ಬದನೆಕಾಯಿ ತೊಳೆದ ನೀರು" ಎಂದೆ ನಾನು. "ಒಂದು ಸಲ ಹೊಡೆದಿದ್ದಕ್ಕೆ ಹಾಗೆ ಕಾಣತ್ತೆ. ಎರಡನೇ ಸಲ ಹೊಡೆದ ಮೇಲೆ ನೋಡು, ಆಮೇಲೆ ಮಾತಾಡು" ಎಂದ. ಗಟ್ಟಿಯಾಗಲು ಔಷಧ ಬೆರೆಸಿದ ಬಣ್ಣ ಬಹಳ ಹೊತ್ತು ನಿಲ್ಲುವುದಿಲ್ಲ, ಮರುದಿನ ಮಧ್ಯಾಹ್ನಕ್ಕೆಲ್ಲ ಕಲ್ಲಾಗುತ್ತದೆ. ಡಬ್ಬಿಗೆ ಮುಚ್ಚಳ ಬಿಗಿದು, ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಮನೆಗೆ ಬಂದ. ಮರುದಿನ ಅವನು ಸತ್ತ. ಆಮೇಲೆ ಯಾವಾಗಲೋ ಆ ಡಬ್ಬಿ ಹುಡುಕಿದರೆ ಬಕೆಟ್ಟಿನ ಪಕ್ಕ ತೊಳೆದು ಬೋರಲು ಹಾಕಿತ್ತು. "ಗಟ್ಟಿಯಾಗಿತ್ತು, ಕೆರೆದು ಎಸೆದೆ" ಎಂದರು ಮಾವ. ಅಂಥ ಬಣ್ಣವನ್ನು ಮತ್ತೆ ಬರಿಸಲು ನಾನು ಎಷ್ಟೋ ಸಲ ನೋಡಿದ್ದೇನೆ, ಬಂದಿಲ್ಲ. ಸ್ಟೂಲು ಒಂದೇ ಸಲ ಬಣ್ಣ ಕಂಡು ಹಾಗೇ ಉಳಿಯಿತು, ಈಗಲೂ ಅದರ ಮೇಲೆಯೇ ಕೂತು ಕೆಲಸ ಮಾಡುತ್ತೇನೆ.

ಒಂದು ದಿನ ಬೆಳಗ್ಗೆ ಪಟಾಕಿ ಬಂದಳು. ಗಂಡನ ಅಕ್ಕನ ಮಗಳು. ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ಅವಳಪ್ಪನೇ ಇಟ್ಟ ಹೆಸರು. ಅವಳ ಹಿಂದೆಯೇ, ಕೆಟ್ಟ ಕಾರು ಸಾಗಿಸುವ ಗಾಡಿಯ ಮೇಲೆ, ಅವರ ಮನೆಯ ಹಳೆಯ ಸ್ಪೋರ್ಟ್ಸ್ ಕಾರು, ಟೈರುಗಳಲ್ಲಿ ಗಾಳಿಯಿಲ್ಲ, ಮೈಮೇಲೆ ಧೂಳಿನ ಹೊದಿಕೆ. ಅವಳ ತೋಳಲ್ಲಿ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ.

"ಅತ್ತೆ, ಅಪ್ಪ ಊರಲ್ಲಿಲ್ಲ. ನಾಳೆ ಬರ್ತಾರೆ. ಅಷ್ಟರಲ್ಲಿ ಇದು ಕೂರಬೇಕು. ಒಂದು ಮಾತು ಹೊರಗೆ ಬಿಟ್ಟೆ ಅಂದ್ರೆ ನಿನ್ನ ಜೊತೆ ಟೂ."

ಪೆಟ್ಟಿಗೆಯಲ್ಲಿದ್ದದ್ದು ಆ ಕಾರಿನ ಮುಂದಿನ ಗ್ರಿಲ್. ಕಾರು ಮಾಡಿದ ಕಂಪನಿಯದೇ, ಎಂದೋ ತಯಾರಾಗಿ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದು. ಹೇಗೋ ಪತ್ತೆ ಹಚ್ಚಿ ತರಿಸಿದ್ದಳು. ತೆಳ್ಳನೆಯ ಅಡ್ಡಪಟ್ಟಿಗಳು, ಸುತ್ತ ಹೊಳೆಯುವ ಚೌಕಟ್ಟು, ಸ್ಕ್ರೂ ಹಾಕಲು ಮೇಲೆರಡು ಕೆಳಗೆರಡು ಕಿವಿ. ಇಷ್ಟು ವರ್ಷ ಆ ಜಾಗದಲ್ಲಿ ಇದ್ದದ್ದು ಮಾವ ಕೈಯಾರೆ ಮಾಡಿದ ಗ್ರಿಲ್. ಮೂಲದ್ದು ಮನೆಯ ಗೇಟಿಗೆ ತಾಗಿ ಒಡೆಯಿತಂತೆ, ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಅಂತೆ. ಅದೂ ಮಾವ ಹೇಳಿದ್ದೇ. ಆಗ ನನಗೆ ಕಾರೆಂದರೆ ನಾಲ್ಕು ಚಕ್ರ ಅಷ್ಟೇ, ಯಾವುದಕ್ಕೆ ಎಂಥ ಮೂತಿ ಎಂದು ಯಾರು ನೋಡಿದ್ದರು.

"ಅದನ್ನ ಯಾಕೆ ಕೀಳ್ತೀರ? ನಾನು ಮಾಡಿದ್ದು ಗಟ್ಟಿಯಾಗಿದೆ" ಎಂದರು ಮಾವ ಕುರ್ಚಿಯಿಂದ.

"ಗಟ್ಟಿಯಾಗಿದೆ ತಾತ, ಆದ್ರೆ ಚರಂಡಿ ಮುಚ್ಚಳದ ಥರ ಇದೆ" ಎಂದಳು ಪಟಾಕಿ, ಅವರ ಕೆನ್ನೆ ಹಿಂಡಿ. "ಅಪ್ಪ ಈ ಕಾರು ಓಡಿಸೋದೇ ಬಿಟ್ಬಿಟ್ಟಿದ್ದಾರೆ. ಹೊಸ ಮುಖ ನೋಡಿದ್ರೆ ಮತ್ತೆ ಓಡಿಸ್ತಾರೆ. ನನ್ನ ಪಕ್ಕ ಕೂರಿಸ್ಕೊಂಡು ಒಂದು ರೌಂಡು, ಅಷ್ಟೇ ನನಗೆ ಬೇಕಾಗಿರೋದು."

ಅವಳು ಕೆಲಸಕ್ಕೆ ಹೋದಳು. ಮಾವ ಬೆಳಗಿನ ಚಹಾ ಬೇಡವೆಂದರು. "ಮೊಮ್ಮಗಳು ಚರಂಡಿ ಮುಚ್ಚಳ ಅಂದಿದ್ದಕ್ಕೆ ಮುನಿಸಾ?" ಎಂದು ಕೆಣಕಿದೆ. ಅವರು ಬೀದಿಯ ಕಡೆ ಮುಖ ತಿರುಗಿಸಿ ಕೂತರು. ವಯಸ್ಸಾದವರ ಅಭಿಮಾನ, ತಾನಾಗಿ ಇಳಿಯುತ್ತದೆ ಎಂದುಕೊಂಡು ಕೆಲಸ ಶುರು ಮಾಡಿದೆ.

ಪಟಾಕಿಯ ಅಪ್ಪ, ನನ್ನ ಗಂಡನ ಅಕ್ಕನ ಗಂಡ, ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು. ಆ ಮಾತಿಗೆ ತಕ್ಕಂತೆ ನಡೆದುಕೊಂಡ ಮನುಷ್ಯ. ಗಂಡ ಹೋದ ಮೇಲೆ ಶೆಡ್ಡಿನ ತಗಡು ಹಾರಿದರೆ ತಗಡು ಹೊದಿಸಿದರು, ನನಗೆ ಜ್ವರ ಬಂದರೆ ಅತ್ತಿಗೆಯನ್ನು ಕಳಿಸಿದರು. ಶೆಡ್ಡಿನೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆಯುವರು, ನಾನೇ ಹೊರಗೆ ಹೋಗಿ ಮಾತಾಡಿಸಬೇಕು. ಭಾವಮೈದುನ ಇಲ್ಲದ ಜಾಗ ನೋಡಲಾರರು ಪಾಪ ಎಂದು ನನ್ನ ಲೆಕ್ಕ. ಪ್ರಾಣದಂತಿದ್ದ ಕಾರನ್ನು ಮೂಲೆಗೆ ತಳ್ಳಿದ್ದೂ ಅದೇ ದುಃಖಕ್ಕೆ ಎಂದು ಎಲ್ಲರೂ ಆಡಿಕೊಂಡರು. ಅಂಥ ಅಣ್ಣ ಸಿಕ್ಕಿದ್ದು ನನ್ನ ಪುಣ್ಯ ಎಂದು ನಾನೇ ಹತ್ತು ಜನರೆದುರು ಹೇಳಿದ್ದೇನೆ.

ಬಂಪರಿನ ಮೇಲೆ ಹಳೆಯ ಕಂಬಳಿ ಹಾಸಿದೆ. ಗ್ರಿಲ್ ಕೂರುವ ತೆರಪಿನ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಕಾಗದದ ಟೇಪು ಅಂಟಿಸಿದೆ. ಮಾವನ ಗ್ರಿಲ್ಲಿನ ಸ್ಕ್ರೂಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ನೆನೆಯಲೆಂದು ಕಾದು, ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ ಬುದ್ಧಿ ಹೇಳಿ ಹೊರತೆಗೆದೆ. ಗ್ರಿಲ್ ಕೈಗೆ ಬಂತು. ಅಲ್ಯೂಮಿನಿಯಂ ಪಟ್ಟಿಗಳನ್ನು ಮೊಣಕಾಲಿನ ಮೇಲಿಟ್ಟು ಬಗ್ಗಿಸಿದ ಕೆಲಸ, ಅವಸರದ್ದು. ಅಂಚುಗಳಿಗೆ ಅರವೂ ಹಾಕಿರಲಿಲ್ಲ. ಮಾವ ಇಷ್ಟು ಒರಟಾಗಿ ಯಾವ ಕೆಲಸವನ್ನೂ ಬಿಡುವವರಲ್ಲವಲ್ಲ ಎಂದು ಆಗಲೇ ಒಂದು ಚೂರು ಅನ್ನಿಸಿತ್ತು.

ಫೋನು ಬಡಿದುಕೊಂಡಿತು. ಅಣ್ಣ.

"ತಂಗಿ, ಊಟ ಆಯ್ತಾ? ಮಾವ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಇವತ್ತು ಸ್ವಲ್ಪ ಮುನಿಸು."

"ಏನಕ್ಕಂತೆ?"

ಎದುರಿಗೇ ಅವರ ಕಾರು ಬಾಯಿ ತೆರೆದು ನಿಂತಿತ್ತು. ಪಟಾಕಿಯ ಮಾತು ನೆನಪಾಗಿ ನಗು ತಡೆದುಕೊಂಡೆ. "ಏನಿಲ್ಲ ಅಣ್ಣ, ಚಹಾಗೆ ಸಕ್ಕರೆ ಕಡಿಮೆ ಆಯ್ತು ಅಂತ" ಎಂದೆ. ನಾಳೆ ಬರುವಾಗ ನನಗೇನು ತರಬೇಕೆಂದು ಕೇಳಿ ಫೋನಿಟ್ಟರು.

ಹೊಸ ಗ್ರಿಲ್ ಎತ್ತಿ ಹಿಡಿದೆ. ಮೇಲಿನ ಎರಡು ಕಿವಿ ಸರಿಯಾಗಿ ಕೂತವು. ಬಲಗಡೆ ಕೆಳಗಿನದೂ ಕೂತಿತು. ಎಡಗಡೆ ಕೆಳಗಿನ ಕಿವಿ ಮಾತ್ರ ತನ್ನ ತೂತಿನಿಂದ ಅರ್ಧ ಬೆರಳು ಆಚೆ ನಿಂತಿತು. ತೆಗೆದು ಮತ್ತೆ ಇಟ್ಟೆ. ಎಡಗಡೆಯಿಂದ ಶುರು ಮಾಡಿ ನೋಡಿದೆ, ಆಗ ಬಲಗಡೆಯದು ಮುನಿಸಿಕೊಂಡಿತು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದೆ. ಒಂದು ಮೂಲೆಯ ದಾರಕ್ಕೂ ಇನ್ನೊಂದರದಕ್ಕೂ ಹೊಂದಿಕೆಯಿಲ್ಲ. ಗ್ರಿಲ್ ನೆಟ್ಟಗಿತ್ತು, ಸೊಟ್ಟಗಿದ್ದದ್ದು ಕಾರಿನ ಮೂತಿ.

"ಕೂರ್ತಿಲ್ವಾ?" ಎಂದರು ಮಾವ, ತಿರುಗದೆ.

"ಇಲ್ಲ. ಎಡಗಡೆ ಎಳೆದಿದೆ."

"ಗ್ರಿಲ್ಲನ್ನೇ ಚೂರು ಬಗ್ಗಿಸಿ ಕೂರಿಸು. ಯಾರಿಗೂ ಗೊತ್ತಾಗಲ್ಲ."

ಈ ಮಾತು ಕೇಳಿ ಸ್ಪ್ಯಾನರ್ ಹಿಡಿದ ಕೈ ನಿಂತಿತು. ಹೊಸ ಸಾಮಾನನ್ನು ಹಳೆಯ ಸೊಟ್ಟಕ್ಕೆ ಬಗ್ಗಿಸುವುದೆಂದರೆ ಮಾವನ ಕಣ್ಣಲ್ಲಿ ಕಳ್ಳತನ. ಒಮ್ಮೆ ನಾನು ಹಾಗೆ ಮಾಡಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಆಯಸ್ಕಾಂತದ ಚೂರು ತಂದು ತೆರಪಿನ ಕೆಳಗೆ ಆಡಿಸಿದೆ. ಬಲಗಡೆ ಗಪ್ಪನೆ ಹಿಡಿಯಿತು. ಎಡಗಡೆ ಜಾರಿ ಕೆಳಗೆ ಬಿತ್ತು. ಅಂದರೆ ಅಲ್ಲಿ ಕಬ್ಬಿಣದ ಮೇಲೆ ದಪ್ಪ ಪುಟ್ಟಿ. ಗೇಟಿಗೆ ತಾಗಿದರೆ ಗ್ರಿಲ್ ಒಡೆಯುತ್ತದೆ, ಒಪ್ಪಿದೆ. ಮೂತಿಯೇ ಒಳಕ್ಕೆ ಹೋಗಬೇಕಾದರೆ ಜೋರಾಗಿಯೇ ಗುದ್ದಿರಬೇಕು. ಇಂಥ ಮೂತಿ ಕಂಡಾಗಲೆಲ್ಲ ಇದೇ ಇರಬಹುದೇ ಎಂದು ಅನ್ನಿಸುವುದು ರೂಢಿ, ಆವತ್ತೂ ಅನ್ನಿಸಿತು. ಆಮೇಲೆ ನನ್ನನ್ನೇ ಬೈದುಕೊಂಡೆ: ಸ್ವಂತ ಮನೆಯ ಕಾರನ್ನೂ ಅನುಮಾನಿಸುವಷ್ಟು ತಲೆ ಕೆಟ್ಟಿತೇ ನಿನಗೆ.

ಬಂಪರು ಬಿಚ್ಚಿದೆ. ಕೆಳಗಿನ ತಗಡು ಸಡಿಲಿಸಿದೆ. ಕೈದೀಪ ಹಿಡಿದು, ಸ್ಟೂಲನ್ನು ಹತ್ತಿರಕ್ಕೆ ಎಳೆದು ಕೂತು, ಮೂತಿಯ ಒಳಗೆ ತಲೆ ಹಾಕಿದೆ. ಎಡಗಡೆಯ ಆಸರೆಪಟ್ಟಿಯನ್ನು ಕತ್ತರಿಸಿ ಬೇರೆ ಬೆಸೆದಿದ್ದರು. ಬೆಸುಗೆ ಮಾವನದೇ, ಆ ಸಾಲು ನನಗೆ ಚೆನ್ನಾಗಿ ಗೊತ್ತು. ಅದರ ಮೇಲೆ ತುಕ್ಕು ಹಿಡಿಯದಿರಲೆಂದು ಒಂದು ಬಣ್ಣ ಬಳಿದಿತ್ತು. ಧೂಳು ಒರೆಸಿದೆ.

ಬದನೆಕಾಯಿ ತೊಳೆದ ನೀರು.

ದೀಪದ ಹಳದಿಗೆ ಹಾಗೆ ಕಂಡಿರಬೇಕೆಂದು ದೀಪ ಆರಿಸಿ, ತಗಡನ್ನು ಪೂರ್ತಿ ಬಿಚ್ಚಿ ಬೆಳಕಿಗೆ ತಂದೆ. ಅದರ ಒಳಮೈಗೂ ಅದೇ ಬಣ್ಣ, ಮೂಲೆಗಳಲ್ಲಿ ಬೆಳ್ಳಿಪುಡಿಯ ಮಿಣುಕು. ಸ್ಟೂಲಿನ ಕಾಲಿನ ಪಕ್ಕ ಹಿಡಿದೆ. ಎರಡೂ ಒಂದೇ. ಒಂದೇ ಎಂದರೆ ಒಂದೇ. ಆ ಸಂಜೆ ಒಂದೇ ಒಂದು ಡಬ್ಬಿಯಲ್ಲಿ ಹುಟ್ಟಿದ ಬಣ್ಣ, ಮರುದಿನ ಮಧ್ಯಾಹ್ನಕ್ಕೆ ಕಲ್ಲಾಗಬೇಕಿದ್ದ ಬಣ್ಣ. ಅದನ್ನು ಇಲ್ಲಿ ಬಳಿಯಬೇಕಾದರೆ ಆ ಬೆಳಗ್ಗೆಯೇ ಬಳಿದಿರಬೇಕು. ನನ್ನ ಗಂಡ ರಸ್ತೆಯಲ್ಲಿ ಬಿದ್ದಿದ್ದ ಬೆಳಗ್ಗೆ.

ತಗಡನ್ನು ಒಯ್ದು ಮಾವನ ತೊಡೆಯ ಮೇಲಿಟ್ಟೆ, ಒಳಮೈ ಮೇಲೆ ಮಾಡಿ.

"ಆಟ ಆಡೋಣ ಮಾವ," ಎಂದೆ. "ಇದು ಯಾವಾಗಿನ ಕೆಲಸ ಹೇಳಿ."

ಅವರು ಅದನ್ನು ನೋಡಲಿಲ್ಲ. ನಡುಗುವ ಬೆರಳುಗಳಿಂದ ಮುಟ್ಟಿದರು, ಅಷ್ಟೇ. ತಗಡು ಅವರ ತೊಡೆಯ ಮೇಲೆ ಸಣ್ಣಗೆ ಟಕಟಕ ಸದ್ದು ಮಾಡತೊಡಗಿತು.

"ಬೆಳಕು ಹರಿಯೋ ಹೊತ್ತು," ಎಂದರು. "ನಾನು ಆಗ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಮಲಗ್ತಿದ್ನಲ್ಲ. ಅಳಿಯಂದ್ರು ಬಂದು ಬಾಗಿಲು ಬಡಿದ್ರು. ನಾಯಿ ಅಡ್ಡ ಬಂತು ಮಾವ ಅಂದ್ರು. ಮೈಯೆಲ್ಲ ನಡುಗ್ತಿತ್ತು. ಒಂದು ನಾಯಿಗೆ ಇಷ್ಟೊಂದು ನಡುಗ್ತಾರೇನ್ರಿ ಅಂತ ನಾನೇ ನಕ್ಕೆ. ಮನೇಲಿ ಗೊತ್ತಾಗೋದ್ರೊಳಗೆ ಸರಿ ಮಾಡಿಕೊಡಿ ಅಂದ್ರು. ನೀರು ಹಾಕಿ ತೊಳೆದೆ. ರಕ್ತ ಇತ್ತು. ನಾಯಿ ರಕ್ತಾನೂ ಕೆಂಪಗೇ ಇರತ್ತಲ್ವೇನಮ್ಮ?"

ನಾನು ಸ್ಟೂಲನ್ನು ಎಳೆದುಕೊಂಡು ಅವರೆದುರು ಕೂತೆ.

"ತಗಡು ಎಳೆಯೋವಾಗ ಆ ಕಡೆ ಹಿಡ್ಕೊಳ್ಳೋಕೆ ಒಬ್ಬ ಬೇಕಿತ್ತು. ಇವನು ಬರಲೇ ಇಲ್ಲ. ಒಂದೊಂದು ಏಟಿಗೂ ಬೈದೆ ಕಣಮ್ಮ. ಸೋಮಾರಿ ನನ್ಮಗ, ಹೆಂಡತಿ ಸೆರಗು ಬಿಟ್ಟು ಏಳಲ್ಲ, ಬರಲಿ ಇವತ್ತು, ಕಾಲು ಮುರೀತೀನಿ ಅಂದೆ. ಅವನ ಡಬ್ಬಿ ಬಕೆಟ್ಟಲ್ಲಿತ್ತು. ಕಲಸಿಟ್ಟು ಹೋಗಿದ್ದಾನೆ, ದಂಡ ಆಗತ್ತೆ ಅಂತ ಅದನ್ನೇ ಬಳಿದೆ. ಗಾಡಿ ಹೋಯ್ತು. ಆಮೇಲೆ ನೀನು ಊಟ ತಗೊಂಡು ಬಂದೆ."

ಹೌದು, ಬಂದೆ. ಎಲ್ಲಿ ಇವನು ಎಂದು ನಾನು ಕೇಳಿದೆ, ಮನೆಯಲ್ಲಿಲ್ಲವೇ ಎಂದು ಅವರು ಕೇಳಿದರು. ಮನೆಗೂ ಶೆಡ್ಡಿಗೂ ನಡುವೆ ಇದ್ದದ್ದು ಎರಡು ಬೀದಿ, ಒಂದು ಮೋರಿ, ಒಂದು ತಿರುವು. ಕತ್ತಲಲ್ಲೇ ಯಾರೋ ದಾರಿಹೋಕರು ಎತ್ತಿ ಒಯ್ದಿದ್ದರು, ಅವನು ಆಸ್ಪತ್ರೆಯಲ್ಲಿ ಹೆಸರಿಲ್ಲದ ಹೆಣವಾಗಿ ಮಲಗಿದ್ದ.

"ನಿಮಗೆ ಯಾವಾಗ ಗೊತ್ತಾಯ್ತು?"

"ಆಸ್ಪತ್ರೇಲಿ ಬಟ್ಟೆ ಸರಿಸಿ ತೋರಿಸಿದ್ರಲ್ಲ. ಮೊಣಕಾಲಿನ ಮೇಲೆ ಗೆರೆ ಬಿದ್ದಿತ್ತು. ಒಂದರ ಕೆಳಗೊಂದು, ಸಾಲಾಗಿ. ಒಡೆದ ಗ್ರಿಲ್ಲಿನ ಪಟ್ಟಿ ಅದೇ ಬೆಳಗ್ಗೆ ನನ್ನ ಕೈಯಲ್ಲಿತ್ತು. ಎರಡು ಪಟ್ಟಿ ಮಧ್ಯೆ ಎಷ್ಟು ಅಂತರ ಅಂತ ನನಗೆ ಅಳತೆಪಟ್ಟಿ ಬೇಕೇನಮ್ಮ?"

"ಹೇಳ್ಬೇಕಿತ್ತು." ನನ್ನ ದನಿ ನನಗೇ ಗುರುತಾಗಲಿಲ್ಲ. "ಅವತ್ತೇ ಹೇಳ್ಬೇಕಿತ್ತು. ಇಷ್ಟು ವರ್ಷ ನಾನು ಊರಿನ ಗಾಡಿಗಳ ಮೂತಿ ನೋಡ್ತಾ ಸತ್ತೆ. ನೀವು ಈ ಕುರ್ಚಿ ಮೇಲೆ ಕೂತು ನಾನು ನೋಡೋದನ್ನ ನೋಡ್ತಾ ಇದ್ರಿ."

"ತೊಳೆದವನು ನಾನೇ ಅಲ್ವಾ. ಏನಂತ ಹೇಳ್ಲಿ? ಮಗ ಹೋದ. ಮಗಳ ಮನೇನೂ ನನ್ನ ಕೈಯಾರೆ ಹಾಳು ಮಾಡ್ಲಾ ಅಂದ್ಕೊಂಡೆ. ಆ ಮಗು ಆಗಿನ್ನೂ ಶಾಲೆಗೆ ಹೋಗ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ನಾಲಿಗೆ ಬಿದ್ದೇಹೋಯ್ತು."

"ಅಣ್ಣನಿಗೆ ಗೊತ್ತಾ, ನಿಮಗೆ ಗೊತ್ತು ಅಂತ?"

"ಒಂದು ಮಾತೂ ಆಡಿಲ್ಲ. ಗೊತ್ತು. ಅದಕ್ಕೇ ಒಳಗೆ ಬರಲ್ಲ."

ಮಾವನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಕುರ್ಚಿಯ ಸಮೇತ ಅವರನ್ನು ಬೀದಿಗೆ ಎಳೆದು ಹಾಕಬೇಕೆನ್ನಿಸಿತು. ಅದೇ ಹೊತ್ತಿಗೆ ಅವರ ತೊಡೆಯಿಂದ ತಗಡು ಜಾರಿತು, ಅವರ ಕಾಲಿನ ಮೇಲೆ ಬೀಳದಿರಲೆಂದು ನನ್ನ ಕೈ ತಾನಾಗಿ ಮುಂದೆ ಹೋಗಿ ಹಿಡಿಯಿತು. ಹಾಳು ಕೈ. ಅವರಿಂದಲೇ ಕಲಿತದ್ದು.

"ಹುಡುಗಿ ಬರೋ ಹೊತ್ತಾಯ್ತು," ಎಂದರು ಮಾವ. "ಪಟ್ಟಿ ಚೂರು ಕಾಯಿಸಿ ಎಳೆದ್ರೆ ಮೂತಿ ನೆಟ್ಟಗಾಗತ್ತೆ. ನಿನ್ನ ಕೈಲಿ ಆಗತ್ತೆ. ಗ್ರಿಲ್ ಕೂರಿಸಿ ಕಳಿಸಿಬಿಡಮ್ಮ. ನಾನು ಸತ್ತ ಮೇಲೆ ನಿನಗೆ ಬೇಕಾದ್ದು ಮಾಡು."

ನನ್ನ ಮುಂದೆ ಆಗ ಎರಡು ದಾರಿ ಇದ್ದವು, ಎರಡೂ ಕಣ್ಣಿಗೆ ಕಟ್ಟಿದಂತೆ ಕಂಡವು. ಗ್ಯಾಸ್ ಹಚ್ಚಿ ಪಟ್ಟಿ ಕಾಯಿಸಿದರೆ ಮೊದಲು ಸುಟ್ಟುಹೋಗುವುದು ಆ ಬಣ್ಣ. ಮೂತಿ ನೆಟ್ಟಗಾಗುತ್ತದೆ, ಗ್ರಿಲ್ ಕೂರುತ್ತದೆ, ಪಟಾಕಿ ಕುಣಿಯುತ್ತಾಳೆ, ಅತ್ತಿಗೆ ಗಂಡ ಮಕ್ಕಳೊಂದಿಗೆ ಸುಖವಾಗಿರುತ್ತಾಳೆ. ಸತ್ತವನ ಅಪ್ಪ ತೊಳೆದದ್ದು ಸಾಲದೆಂದು ಅವನ ಹೆಂಡತಿ ನಾನೂ ಒಮ್ಮೆ ತೊಳೆದಂತಾಗುತ್ತದೆ. ಇಲ್ಲದಿದ್ದರೆ, ಏನೂ ಮಾಡದೆ ಹಾಗೇ ಬಿಟ್ಟರೆ, ಎರಡು ಮನೆ ಕುಸಿಯುತ್ತವೆ. ಅದರಲ್ಲಿ ಒಂದು ನನ್ನದೇ.

ಗ್ರಿಲ್ಲನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಸಾಮಾನುಗಳನ್ನು ಒರೆಸಿ ಗೋಡೆಗೆ ತೂಗುಹಾಕಿದೆ.

ಪಟಾಕಿ ಗೇಟಿನಿಂದಲೇ ಕೂಗಿಕೊಂಡು ಬಂದಳು. "ಅತ್ತೆ, ಕೂತಿತಾ?"

"ಇಲ್ಲ ಕಣೆ. ಕೂರಲ್ಲ."

"ಅಂದ್ರೆ? ಬೇರೆ ಮಾಡೆಲ್‌ದು ಕಳಿಸಿಬಿಟ್ರಾ?"

"ಗ್ರಿಲ್ ಸರಿಯಾಗೇ ಇದೆ. ನೀನು ತರಿಸಿದ್ದರಲ್ಲಿ ಏನೂ ತಪ್ಪಿಲ್ಲ." ಈ ಮಾತು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. "ಕಾರು ಇಲ್ಲೇ ಇರ್ಲಿ. ನೀನು ಮನೆಗೆ ಹೋಗು. ನಾಳೆ ಅಪ್ಪ ಬಂದ ಮೇಲೆ ಮಾತಾಡೋಣ."

"ಆಮೇಲೆ ಸರ್‌ಪ್ರೈಸ್ ಎಲ್ಲಿಂದ ಬರತ್ತೆ?" ಎಂದು ಮುಖ ಊದಿಸಿದಳು. ತಾತನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವರ ಕೈ ಹಿಡಿದಳು. "ನೀನಾದ್ರೂ ಹೇಳು ತಾತ, ನಿನ್ನ ಕೈಲಿ ಆಗ್ತಿರ್ಲಿಲ್ವಾ? ನೀನು ಎಂಥೆಂಥದ್ದೋ ಕೂರಿಸಿದ್ದೀಯ." ಮಾವ ಅವಳ ತಲೆ ಸವರಿದರು. ಅವಳು ಎದ್ದು ಹೋಗುವಾಗ ಕಾರಿನ ತೆರೆದ ಮೂತಿಯನ್ನು ಒಂದು ಸಲ ನೋಡಿ ನಾಲಿಗೆ ಚಾಚಿ ಅಣಕಿಸಿದಳು.

ಅವಳು ತಿರುವು ದಾಟುವವರೆಗೆ ಕಾದು ನಾನೇ ಅಣ್ಣನಿಗೆ ಫೋನ್ ಮಾಡಿದೆ.

"ಏನು ತಂಗಿ, ತರೋದು ನೆನಪಾಯ್ತಾ?"

"ನಿಮ್ಮ ಕಾರು ನನ್ನ ಶೆಡ್ಡಲ್ಲಿದೆ ಅಣ್ಣ. ಮಗಳು ಹೊಸ ಗ್ರಿಲ್ ಹಾಕಿಸೋಕೆ ತಂದಳು. ಮೂತಿ ಬಿಚ್ಚಿದ್ದೀನಿ."

ಆ ಕಡೆಯಿಂದ ಬಸ್ಸು ಹೋದ ಸದ್ದು, ಯಾರೋ ಯಾರನ್ನೋ ಕರೆದ ಸದ್ದು ಕೇಳಿತು. ಯಾವ ಕಾರು ಎಂದು ಅವರು ಕೇಳಲಿಲ್ಲ. ಯಾಕೆ ಬಿಚ್ಚಿದೆ ಎಂದೂ ಕೇಳಲಿಲ್ಲ. "ಮಾವ ಏನಾದ್ರೂ ಹೇಳಿದ್ರಾ?" ಎಂದರು.

"ಮಾವ ಹೇಳೋಕ್ಕಿಂತ ಮುಂಚೆ ನನಗೆ ಗೊತ್ತಾಗಿತ್ತು. ಬೆಳಗ್ಗೆ ಸ್ಟೇಷನ್ನಿಗೆ ಹೋಗ್ತೀನಿ. ಮಗಳಿಗೆ ನಾನು ಏನೂ ಹೇಳಿಲ್ಲ. ಅದನ್ನ ನೀವೇ ಹೇಳಿ. ಅಷ್ಟಾದ್ರೂ ನೀವೇ ಮಾಡಿ."

"ತಂಗಿ, ಮಂಜು ಇತ್ತು. ಅವನೇ ಅಂತ ನನಗೆ ನಿಜವಾಗ್ಲೂ..."

"ನಾಯಿ ಆಗಿದ್ರೂ ಇಳಿದು ನೋಡ್ತಾರೆ ಅಣ್ಣ," ಎಂದು ಫೋನಿಟ್ಟೆ. ಅಭ್ಯಾಸಬಲದಿಂದ ಅಣ್ಣ ಎಂದೇ ಬಾಯಿಗೆ ಬಂದಿತ್ತು.

ಷಟರ್ ಎಳೆದು ಬೀಗ ಹಾಕಿ, ಮಾವನನ್ನು ಕೈಹಿಡಿದು ಮನೆಗೆ ಕರೆದುಕೊಂಡು ಬಂದೆ. ಅದೇ ಎರಡು ಬೀದಿ, ಅದೇ ತಿರುವು, ಅದೇ ಮೋರಿ. ಮಗ ಬಿದ್ದಿದ್ದ ಆ ಮೋರಿಯ ಹತ್ತಿರ ಅವರ ಕಾಲು ನಿಂತವು. ನಾನು ಎಳೆಯಲಿಲ್ಲ, ನಿಂತೆ. ಆಮೇಲೆ ಅವರೇ ಹೆಜ್ಜೆ ಹಾಕಿದರು.

ಅಡುಗೆಮನೆಯಲ್ಲಿ ಅನ್ನ ಕಲಸಿ ತಂದು ಎಂದಿನಂತೆ ಎದುರಿಗೆ ಕೂತೆ. ಅವರು ತಟ್ಟೆಯನ್ನು ದೂರ ಸರಿಸಿದರು.

"ನನಗೆ ಇನ್ನು ನೀನು ತಿನ್ನಿಸಬೇಡಮ್ಮ."

"ಅದನ್ನ ನೀವು ಹೇಳೋದಲ್ಲ. ಬೆಳಗ್ಗೆ ನನ್ನ ಜೊತೆ ಸ್ಟೇಷನ್ನಿಗೆ ಬರಬೇಕು. ಹೊಟ್ಟೆಗಿಲ್ಲದೆ ಅಲ್ಲಿ ಬಿದ್ದರೆ ಎತ್ತೋಳು ನಾನೇ."

"ಬರ್ತೀನಿ," ಎಂದರು. "ಅವನು ಹೋದಿದ್ದಕ್ಕಿಂತ ಒಂದು ಮಾತು ಚುಚ್ಚತ್ತೆ ಕಣಮ್ಮ. ಮಗ ರಸ್ತೇಲಿ ಬಿದ್ದಿದ್ದ, ನಾನು ಶೆಡ್ಡಲ್ಲಿ ಸುತ್ತಿಗೆ ಹಿಡಿದು ಅವನನ್ನ ಬೈತಾ ಇದ್ದೆ. ಇನ್ನೂ ಎದ್ದಿಲ್ಲ ಸೋಮಾರಿ, ಲೇಟು ಅಂತ."

ಇದುವರೆಗೆ ನಾನು ಯಾರಿಗೂ ಹೇಳದ ಒಂದು ಮಾತಿತ್ತು. ಗಂಡ ಹೆಂಡತಿಯ ನಡುವಿನ ಸಣ್ಣ ಮಾತು, ಅವನು ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತ ಆಡಿದ ಕೊನೆಯದು. ನನಗೊಬ್ಬಳಿಗೇ ಇರಲಿ ಎಂದು ಬಚ್ಚಿಟ್ಟುಕೊಂಡಿದ್ದೆ. ಮಾವನ ಮೇಲಿನ ಸಿಟ್ಟಿಗೆ ಹೇಳಿದೆನೋ ಅವರನ್ನು ಸಮಾಧಾನ ಮಾಡಲು ಹೇಳಿದೆನೋ, ಈಗಲೂ ನನಗೆ ಬಗೆಹರಿದಿಲ್ಲ.

"ಅವನು ಅವತ್ತು ಲೇಟಾಗಿರ್ಲಿಲ್ಲ ಮಾವ," ಎಂದೆ. "ದಿನಕ್ಕಿಂತ ಬೇಗ ಎದ್ದು ಕತ್ತಲಲ್ಲೇ ಹೊರಟ. ಇಷ್ಟು ಬೇಗ ಯಾಕೋ ಅಂದೆ. ಸ್ಟೂಲಿಗೆ ಇನ್ನೊಂದು ಸಲ ಬಣ್ಣ ಹೊಡೀಬೇಕು, ಅಪ್ಪ ಏಳೋದ್ರೊಳಗೆ ಮುಗಿಸ್ತೀನಿ, ಇಲ್ಲದಿದ್ರೆ ಡಬ್ಬಿ ಎತ್ಕೊಂಡು ಯಾವುದಾದ್ರೂ ಗಾಡಿ ಹೊಟ್ಟೆಗೆ ಬಳಿದುಬಿಡ್ತಾರೆ ಅಂದ."

ಮಾವ ಬಾಯಿ ತೆರೆದರು. ಊಟಕ್ಕೆಂದುಕೊಂಡು ಚಮಚ ಮುಂದೆ ಹಿಡಿದೆ. ಅದು ಊಟಕ್ಕೆ ತೆರೆದ ಬಾಯಾಗಿರಲಿಲ್ಲ.